ಅರವತ್ತಾರು ತೋರಿಸುತ್ತಿದ್ದ ಪೆಟ್ಟಿಗೆ

ಸಕಲ ಸದಸ್ಯರ ಗಮನಕ್ಕೆ, ಹಾಗೂ ಗಮನವಿಲ್ಲದ ಸದಸ್ಯರ ಪಕ್ಕದಲ್ಲಿ ಕೂತವರ ಗಮನಕ್ಕೆ: ಇಂದು ಸಂಜೆ ನಾಲ್ಕು ಗಂಟೆಯಿಂದ ಜಾರಿಗೆ ಬರುವಂತೆ, ನಮ್ಮ ಕಂಪ್ಯೂಟರ್ ಬಳಗದ ಏಕಮಾತ್ರ ಕಂಪ್ಯೂಟರಿನ ಮುಖದ ಮೇಲೆ ಹೊಳೆಯುವ ಕೆಂಪು ಸಂಖ್ಯೆಯು ಮೂವತ್ತಮೂರು ಆಗಿರತಕ್ಕದ್ದಲ್ಲ, ಅರವತ್ತಾರು ಆಗಿರತಕ್ಕದ್ದು.

ಇಷ್ಟು ಓದಿ ಅಧ್ಯಕ್ಷ ಮೇಷ್ಟ್ರು ಕಾಗದ ಮಡಚಿದರು. ಕನ್ನಡಕ ತೆಗೆದು ನೆತ್ತಿಗೇರಿಸಿದರು. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಒತ್ತಿಕೊಂಡು ಕೂತಿದ್ದ ಇಪ್ಪತ್ತೆಂಟು ಮಂದಿ ಚಪ್ಪಾಳೆ ತಟ್ಟಿದರು.

ಹಿಂದಿನ ಬೆಂಚಿನಲ್ಲಿದ್ದ ಸ್ಕ್ರೂ ಅಕ್ಕ ಮಾತ್ರ ತಟ್ಟಲಿಲ್ಲ. ತನಗೆ ತಾನೇ ಚಪ್ಪಾಳೆ ಹೊಡೆದುಕೊಳ್ಳುವುದು ಚೆನ್ನಾಗಿರುವುದಿಲ್ಲ. ಆ ದಿನ ಬೆಳಿಗ್ಗೆ ಹಳೆಯ ಪ್ರೊಸೆಸರ್ ಕಿತ್ತು ಹೊಸದನ್ನು ಕೂರಿಸಿದ ಕೈ ಅವಳದೇ. ಪ್ರೊಸೆಸರ್ ಅಂದರೆ ಯಂತ್ರದ ಮಿದುಳು; ಕೆಂಪು ಸಂಖ್ಯೆ ಅದರ ವೇಗ. ಬಿಸ್ಕತ್ತಿನಗಲದ ಒಂದು ಚಿಪ್ಪು, ಹೊಟ್ಟೆಯಡಿ ನೂರ ಅರವತ್ತೆಂಟು ಕಾಲು. ಒಂದು ಕಾಲು ಬಾಗಿದರೂ ಮಿದುಳಿಗೆ ಮಂಕು. ಅಕ್ಕ ಇಪ್ಪತ್ತೆರಡು ವರ್ಷ ಊರಿನ ಟೈಪ್‌ರೈಟರುಗಳನ್ನೆಲ್ಲ ಬಿಚ್ಚಿ ಜೋಡಿಸಿದವಳು. ಒಂದು ಸ್ಪ್ರಿಂಗ್ ಕಳೆದವಳಲ್ಲ. ಕಂಪ್ಯೂಟರ್ ಬಂದ ಮೇಲೆ ತನಗೆ ತಾನೇ ಬಡ್ತಿ ಕೊಟ್ಟುಕೊಂಡಿದ್ದಳು.

ಈ ಪ್ರೊಸೆಸರ್ ಸುಮ್ಮನೆ ಬಂದದ್ದಲ್ಲ. ಬಳಗ ಒಂದು ವರ್ಷ ಎರಡು ಪಕ್ಷವಾಗಿ ಒಡೆದಿತ್ತು. ಮೇಷ್ಟ್ರದು ಪ್ರೊಸೆಸರ್ ಪಕ್ಷ. ಹಲ್ಲಿನ ಡಾಕ್ಟರದು ಪ್ರಿಂಟರ್ ಪಕ್ಷ.

"ಎಷ್ಟು ಬೇಗ ಯೋಚನೆ ಮಾಡಿದ್ರೇನು, ಹೇಳೋಕೆ ಬಾಯಿ ಬೇಡ್ವಾ? ಬಣ್ಣದ ಪ್ರಿಂಟರ್ ತಗೊಳ್ಳೋಣ," ಎನ್ನುತ್ತಿದ್ದರು ಡಾಕ್ಟರು.

"ಮಿದುಳಿಲ್ಲದ ಬಾಯಿ ಈ ಬಳಗದಲ್ಲಿ ಈಗಾಗ್ಲೇ ಇದೆ," ಎನ್ನುತ್ತಿದ್ದರು ಮೇಷ್ಟ್ರು.

ಕೊನೆಗೆ ಪ್ರೊಸೆಸರ್ ಗೆದ್ದದ್ದು ಒಂದೇ ಒಂದು ಮತದಿಂದ.

ಉದ್ಘಾಟನೆಯ ಮೊದಲ ಕಲಾಪ, ಅಧ್ಯಕ್ಷರ ಆಟ. ಅದರ ಹೆಸರು ರಸ್ತೆ ಆಟ. ಪರದೆಯ ಮೇಲೆ ನಿಮ್ಮ ಕಾರು, ಎದುರಿನಿಂದ ಲಾರಿಗಳು. ಬಾಣದ ಕೀಲಿ ಒತ್ತಿ ತಪ್ಪಿಸಿಕೊಳ್ಳುವುದು. ಎಷ್ಟು ಮೈಲಿ ಬದುಕಿದಿರೋ ಅಷ್ಟು ಅಂಕ. ಮೇಷ್ಟ್ರು ಅದರಲ್ಲಿ ಮೂರು ವರ್ಷದಿಂದ ಸೋಲು ಕಾಣದವರು. ನಿಜವಾದ ರಸ್ತೆಯಲ್ಲಿ ಅವರು ಸೈಕಲ್ಲನ್ನೂ ತಳ್ಳಿಕೊಂಡೇ ಹೋಗುತ್ತಾರೆ ಎಂಬುದು ಬೇರೆ ಮಾತು.

ಗೋಡೆಯ ಮೇಲೆ ಒಂದು ಹೊಸ ಮರದ ಫಲಕ. ತುದಿಯ ಸಾಲು ಖಾಲಿ. ಬೋರ್ಡ್ ಬರೆಯುವವರು ಬಿಳಿ ಬಣ್ಣದ ಡಬ್ಬಿ ತೆರೆದುಕೊಂಡು ನಾಲ್ಕು ಗಂಟೆಯಿಂದಲೇ ಏಣಿಯ ಪಕ್ಕ ಸಿದ್ಧರಾಗಿ ನಿಂತಿದ್ದರು. ಹೊಸ ಪ್ರೊಸೆಸರಿನ ಮೊದಲ ದಿನದ ಮೊದಲ ವೀರನ ಹೆಸರು ಅಲ್ಲಿ ಶಾಶ್ವತವಾಗಿ ಕೂರಬೇಕೆಂದು ಮೇಷ್ಟ್ರೇ ನಿಯಮ ಬರೆದಿದ್ದರು. ಆ ವೀರ ಯಾರಿರಬಹುದೆಂದು ಯಾರೂ ಕೇಳಿರಲಿಲ್ಲ.

ಮೇಷ್ಟ್ರು ಆಡಿದರು. ಐದು ಸಾವಿರದ ನಾಲ್ಕು ಮೈಲಿ. ಕೋಣೆ ಗುಡುಗಿತು. ಹಿಂದಿನ ಬೆಂಚಿನಿಂದ ಅಕ್ಕನಿಗೆ ಕಂಡದ್ದು ಇಪ್ಪತ್ತೆಂಟು ತಲೆಗಳು ಮಾತ್ರ.

ಬೋರ್ಡಿನವರು ಏಣಿಗೆ ಕಾಲಿಟ್ಟರು.

"ಸ್ವಲ್ಪ ತಡೀರಿ," ಎಂದರು ಹಲ್ಲಿನ ಡಾಕ್ಟರು. "ನಂದೊಂದು ದವಡೆ ಚಿತ್ರ ಇದೆ. ಮೊದಲು ಪರದೆ ಮೇಲೆ ಬರೋಕೆ ನಾಲ್ಕು ನಿಮಿಷ ತಗೊಳ್ತಿತ್ತು. ಈಗ ಎರಡು ನಿಮಿಷ ಆಗ್ಬೇಕಲ್ವಾ? ನೋಡೇಬಿಡೋಣ."

ಫ್ಲಾಪಿ ಹಾಕಿದರು. ಕೈಗಡಿಯಾರ ಹಿಡಿದರು. ದವಡೆ ಒಂದೊಂದೇ ಗೆರೆಯಾಗಿ ಇಳಿಯತೊಡಗಿತು. ಎರಡು ನಿಮಿಷಕ್ಕೆ ಮೇಲಿನ ಸಾಲಿನ ಹಲ್ಲು ಬಂತು. ಕೆಳಗಿನ ಬುದ್ಧಿಹಲ್ಲು ಬರುವಷ್ಟರಲ್ಲಿ ಸರಿಯಾಗಿ ನಾಲ್ಕು ನಿಮಿಷ.

ಕೋಣೆ ತಣ್ಣಗಾಯಿತು. ಕೆಂಪು ಸಂಖ್ಯೆ ಮಾತ್ರ ಅರವತ್ತಾರು ಎಂದು ನಗುತ್ತಲೇ ಇತ್ತು.

"ಸಂಖ್ಯೆ ಸರಿಯಾಗೇ ಇದೆಯಲ್ಲ," ಎಂದರು ಮೇಷ್ಟ್ರು ಅವಸರದಲ್ಲಿ. "ಮುಂದಿನ ಕಲಾಪಕ್ಕೆ ಹೋಗೋಣ."

"ಪೆಟ್ಟಿಗೆ ಬಿಚ್ಚಿ ನೋಡೋಣ," ಎಂದರು ಡಾಕ್ಟರು.

ಅಕ್ಕ ಸ್ಕ್ರೂಡ್ರೈವರ್ ಹಿಡಿದು ಪೆಟ್ಟಿಗೆಯ ಬೆನ್ನಿಗೆ ಬಂದಳು. ಬಂದವಳು ಐದು ಸ್ಕ್ರೂಗಳನ್ನೂ ನೋಡಿ ಒಂದು ಕ್ಷಣ ನಿಂತಳು. ಆಮೇಲೆ ಬಿಚ್ಚಿದಳು.

"ಫ್ಯಾನ್ ಇದೆ ನೋಡಿ," ಎಂದು ಯಾರೋ ಸಮಾಧಾನ ಹೇಳಿದರು. ಹೊಸ ಪ್ರೊಸೆಸರ್ ಬೇಗ ಬಿಸಿಯಾಗುತ್ತದೆ. ಅದರ ತಲೆಯ ಮೇಲೊಂದು ಪುಟ್ಟ ಫ್ಯಾನು ಕೂರಿಸುತ್ತಾರೆ. ಅಕ್ಕ ಫ್ಯಾನಿನ ಕ್ಲಿಪ್ ತೆಗೆದು ಎತ್ತಿದಳು.

ಕೆಳಗಿದ್ದದ್ದು ಹಳೆಯ ಚಿಪ್ಪು. ಬೆಳಿಗ್ಗೆ ತಾನೇ ಕಿತ್ತಿಟ್ಟಿದ್ದ ಮೂವತ್ತಮೂರು.

* * *

"ಹೊಸದು ಹಾಕ್ಲೇ ಇಲ್ಲ ಅಂತಾಯ್ತು," ಎಂದರು ಡಾಕ್ಟರು. "ಹಳೇದಕ್ಕೆ ಟೋಪಿ ಹಾಕಿ, ನಮಗೂ ಹಾಕಿದ್ರು."

ಅಕ್ಕನ ಕಿವಿ ಬಿಸಿಯಾಯಿತು. "ಡಾಕ್ಟ್ರೇ, ನಿಮ್ಮ ಕ್ಲಿನಿಕ್ಕಿನ ಟೈಪ್‌ರೈಟರ್ ಹದಿನೈದು ವರ್ಷದಿಂದ ನೋಡ್ಕೊಳ್ತಿದೀನಿ. ಒಂದು ಅಕ್ಷರ ಕೂಡ ಕಳೆದಿದ್ಯಾ?"

"ಅದು ಟೈಪ್‌ರೈಟರ್. ಇದು ಬೇರೆ ಜಾತಿ."

ಡಾಕ್ಟರು ಒಂದು ಠರಾವು ಮಂಡಿಸಿದರು. ಸ್ಕ್ರೂ ಅಕ್ಕನನ್ನು ಬಳಗದ ಮೆಕ್ಯಾನಿಕ್ ಸ್ಥಾನದಿಂದ ತೆಗೆಯುವುದು. ಗ್ರಂಥಾಲಯಕ್ಕೆ ಬರಲಿರುವ ಆರು ಕಂಪ್ಯೂಟರುಗಳ ಕೆಲಸ ಬೇರೆಯವರಿಗೆ ಕೊಡುವುದು. ಚಹಾ ಮುಗಿದ ಕೂಡಲೇ ಮತಕ್ಕೆ ಹಾಕುವುದು.

ಅಕ್ಕ ಮೇಷ್ಟ್ರ ಮುಖ ನೋಡಿದಳು. ಸದಾ ಅವಳ ಪರ ಮಾತಾಡುತ್ತಿದ್ದವರು. ಇವತ್ತು ಮೇಷ್ಟ್ರು ಗಡಿಯಾರ ನೋಡುತ್ತಿದ್ದರು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ. ಇನ್ನು ಚಿಪ್ಪಿಗೆ ಹೋದರೆ? ನಾಳೆ ಬೆಳಿಗ್ಗೆ ಊರಿನಲ್ಲಿ ಯಾರೂ ಒಂದು ಕೀಲಿಮಣೆಯನ್ನೂ ಅವಳ ಕೈಗೆ ಕೊಡುವುದಿಲ್ಲ. ಚಹಾಕ್ಕೆ ಎಷ್ಟು ಹೊತ್ತು? ಸಕ್ಕರೆ ಕರಗುವಷ್ಟು, ಸುದ್ದಿ ಹಬ್ಬುವಷ್ಟು. ಅರ್ಧ ಗಂಟೆ.

ಗ್ರಂಥಾಲಯದ ಮೇಡಂ ಓಡಿಬಂದಳು. ಅವಳು ಅಕ್ಕನ ನಾದಿನಿ.

"ಅತ್ತಿಗೆ, ನಾನು ಸಾಕ್ಷಿ ಹೇಳ್ತೀನಿ. ಬೆಳಿಗ್ಗೆ ನೀವು ಹೊಸದು ಹಾಕಿದ್ದು ನಾನೇ ಕಣ್ಣಾರೆ ನೋಡಿದೀನಿ."

"ನೀನು ಹೇಳಿದ್ರೆ ಇದ್ದ ಮಾನಾನೂ ಹೋಗತ್ತೆ. ನಾದಿನಿ ಅತ್ತಿಗೆ ಪರ ಮಾತಾಡಿದ್ರೆ ಯಾರು ನಂಬ್ತಾರೆ? ಬೈದಿದ್ರೆ ನಂಬ್ತಿದ್ರು." ಅಕ್ಕ ತಗ್ಗಿದ ದನಿಯಲ್ಲಿ ಹೇಳಿದಳು. "ನಾನು ಹೋದ ಮೇಲೆ ಈ ಕೋಣೆಗೆ ಯಾರು ಬಂದ್ರು?"

"ರಿಜಿಸ್ಟರ್‌ನಲ್ಲಿ ಒಂದೇ ಹೆಸರು. ಹಲ್ಲಿನ ಡಾಕ್ಟ್ರು. ಒಂದು ಗಂಟೆಗೆ ಬಂದ್ರು, ಒಂದು ಹತ್ತಕ್ಕೆ ಹೋದ್ರು. ಕೈಯಲ್ಲಿ ಚೀಲ ಇತ್ತು."

"ಆಮೇಲೆ?"

"ನಾನು ಊಟಕ್ಕೆ ಹೋದೆ. ಬೀಗ ಹಾಕಿ ಹೋಗಿದ್ದೆ."

ಅಕ್ಕ ಮೇಜಿನ ಡ್ರಾಯರ್ ಎಳೆದಳು. ಬೆಳಿಗ್ಗೆ ಹಳೆಯ ಚಿಪ್ಪನ್ನು ಗುಲಾಬಿ ಬಣ್ಣದ ಸ್ಪಂಜಿನ ತುಂಡಿಗೆ ಚುಚ್ಚಿ ಅಲ್ಲಿಟ್ಟಿದ್ದಳು, ಕಾಲು ಬಾಗದಿರಲಿ ಎಂದು. ಹಳೆಯ ಚಿಪ್ಪು ಈಗ ಯಂತ್ರದಲ್ಲಿದೆ. ಹಾಗಾದರೆ ಸ್ಪಂಜು ಇಲ್ಲಿರಬೇಕಿತ್ತು. ಇರಲಿಲ್ಲ.

ಕಳ್ಳ ಹೊಸ ಚಿಪ್ಪಿನ ಕಾಲಿಗೆ ಮೆತ್ತನೆಯ ಹಾಸಿಗೆ ಹುಡುಕಿದ್ದ. ಮಗು ಮಲಗಿಸುವ ಜೋಪಾನ. ಅಂದರೆ ಅವನಿಗೆ ಅದನ್ನು ವಾಪಸ್ ತಂದಿಡುವ ಮನಸ್ಸಿತ್ತು.

ಇದು ಹೊಟ್ಟೆಪಾಡಿನ ಕಳ್ಳತನ ಅಲ್ಲ ಎಂದುಕೊಂಡಳು ಅಕ್ಕ.

* * *

ಡಾಕ್ಟರು ಕಿಟಕಿಯ ಬಳಿ ಚಹಾ ಊದುತ್ತ ನಿಂತಿದ್ದರು.

"ಮಧ್ಯಾಹ್ನ ಚೀಲ ಹಿಡ್ಕೊಂಡು ಬಂದಿದ್ರಂತೆ."

ಡಾಕ್ಟರು ಚೀಲವನ್ನು ಬೆನ್ನ ಹಿಂದೆ ಸರಿಸಿದರು. "ಬಂದಿದ್ದೆ. ಏನೀಗ?"

"ಚೀಲದಲ್ಲಿ ಹಲ್ಲು ಕೀಳೋ ಇಕ್ಕಳ ಇತ್ತಾ? ಚಿಪ್ಪು ಕೀಳೋಕೂ ಅದು ಚೆನ್ನಾಗಿರತ್ತೆ."

ಡಾಕ್ಟರು ಅತ್ತ ಇತ್ತ ನೋಡಿದರು. ಆಮೇಲೆ ಚೀಲದಿಂದ ಮೆಲ್ಲಗೆ ಒಂದು ಬಿಳಿ ಮೌಸ್ ತೆಗೆದರು. ಹೊಚ್ಚ ಹೊಸದು. ಬಾಲದ ತುದಿಯಲ್ಲಿ ಗುಂಡನೆಯ ಪ್ಲಗ್.

"ಬಳಗದ ಮೌಸ್ ಕುಂಟ್ತಾ ಓಡತ್ತೆ. ನಂದು ಹಾಕಿ ನೋಡೋಣ ಅಂತ ಬಂದೆ. ಒಳಗೇ ಹೋಗ್ಲಿಲ್ಲ. ಇದು ಗುಂಡಗಿದೆ, ಅಲ್ಲಿ ತೂತು ಬೇರೆ ಥರ ಇದೆ."

"ಅಲ್ಲಿರೋದು ಒಂಬತ್ತು ಪಿನ್ನಿನ ಜಾಗ. ನಿಮ್ಮದು ಆರು ಪಿನ್ನಿಂದು. ವರ್ಷಪೂರ್ತಿ ಪ್ರಿಂಟರ್, ಮೌಸ್ ಅಂತ ಭಾಷಣ ಮಾಡಿದೋರು, ತಗೊಳ್ಳೋಕೆ ಮುಂಚೆ ಯಂತ್ರದ ಬೆನ್ನು ಒಂದ್ಸಲ ನೋಡೋದಲ್ವಾ?"

"ದಯವಿಟ್ಟು ಮೆಲ್ಲಗೆ. ನಮ್ಮ ಪಕ್ಷದವರು ಕೇಳಿಸ್ಕೊಂಡಾರು."

ಅಕ್ಕನಿಗೆ ನಗು ಬಂತು. ನಗುತ್ತಲೇ ಲೆಕ್ಕ ಹಾಕಿದಳು. ಪೆಟ್ಟಿಗೆ ಬಿಚ್ಚಿದಾಗ ಚಿಪ್ಪು ಕೂರುವ ಸಾಕೆಟ್ಟಿನ ಪಕ್ಕ ಒಂದು ಗೀರು ಕಂಡಿತ್ತು. ಒಂದೇ ಕಡೆಗೆ. ಯಾರೋ ಚಪ್ಪಟೆಯ ವಸ್ತು ತೂರಿಸಿ ಒಂದು ಮೂಲೆಯಿಂದ ಮೀಟಿ ಎಬ್ಬಿಸಿದ್ದರು. ಇದು ದಿನಕ್ಕೆ ಹತ್ತು ಹಲ್ಲು ಕೀಳುವವರ ಕೆಲಸವಲ್ಲ. ಡಾಕ್ಟರು ಹೀಗೆ ಮೀಟಿದ್ದರೆ ಊರಲ್ಲಿ ಯಾರ ದವಡೆಯೂ ಉಳಿಯುತ್ತಿರಲಿಲ್ಲ. ಮೇಲಾಗಿ ಕಳ್ಳತನ ಮಾಡಿದವರು ದವಡೆ ಚಿತ್ರ ಹಾಕಿ ತಾವೇ ಅದನ್ನು ಬಯಲಿಗೆ ತರುತ್ತಾರೆಯೇ?

ಮೇಷ್ಟ್ರು ಮೇಜಿನ ಹಿಂದೆ ಕೂತು ಬಳಗದ ನಿಯಮದ ಪುಸ್ತಕ ತಿರುವುತ್ತಿದ್ದರು. ಗಲಾಟೆಯಾದಾಗ ಮೇಜು ಬಡಿಯುವ ಅವರ ಸ್ಟೀಲ್ ಅಡಿಪಟ್ಟಿ ಪಕ್ಕದಲ್ಲೇ ಬಿದ್ದಿತ್ತು. ಮೂವತ್ತು ವರ್ಷ ನೆಟ್ಟಗಿದ್ದ ಪಟ್ಟಿ. ತುದಿ ಸ್ವಲ್ಪ ಮೇಲಕ್ಕೆ ಬಾಗಿತ್ತು. ಮೇಷ್ಟ್ರು ಒಂದು ಪುಟ ಓದಿದರು. ಕನ್ನಡಕ ತೆಗೆದು ನೆತ್ತಿಗೇರಿಸಿದರು.

ಅಕ್ಕನಿಗೆ ಸಭೆ ಶುರುವಾದಾಗಿನಿಂದ ಏನೋ ಒಂದು ಸದ್ದು ಕೇಳಿಸಿಲ್ಲ ಅನ್ನಿಸುತ್ತಿತ್ತು. ಯಾವುದು ಎಂದು ಈಗ ಹೊಳೆಯಿತು.

ಅವಳು ಕಂಪ್ಯೂಟರಿನ ಮುಂದೆ ಕೂತು ರಸ್ತೆ ಆಟದ ಅಂಕಪಟ್ಟಿ ತೆರೆದಳು.

* * *

ಗಡಿಯಾರ ಐದು ಹೊಡೆಯಿತು. ಲೋಟಗಳು ಕೆಳಗಿಳಿದವು. "ಇನ್ನು ಮತ," ಎಂದರು ಮೇಷ್ಟ್ರು.

"ಅದಕ್ಕೆ ಮುಂಚೆ ನನ್ನದೊಂದು ಮಾತು," ಎಂದು ಅಕ್ಕ ಎದ್ದಳು. "ಮೊದಲು ಸ್ಕ್ರೂ ನೋಡಿ."

ಬಿಚ್ಚಿಟ್ಟಿದ್ದ ಸ್ಕ್ರೂ ಒಂದನ್ನು ಎತ್ತಿ ಹಿಡಿದಳು. "ಇದರ ತಲೆ ಮೇಲೆ ಎರಡು ಗೀರು, ಒಂದಕ್ಕೊಂದು ಅಡ್ಡ. ನಾನು ಬಿಗಿ ಮಾಡಿದ್ರೆ ಕೊನೆಗೆ ಕೂಡಿಸೋ ಚಿಹ್ನೆ ಥರ ನೆಟ್ಟಗೆ ನಿಲ್ಲಿಸ್ತೀನಿ. ಟೈಪ್‌ರೈಟರ್ ಕೆಲಸ ಕಲಿಸಿದ ನಮ್ಮ ಮಾವ ಹಾಗೇ ಹೇಳ್ಕೊಟ್ಟಿದ್ದು. ಯಾರಾದ್ರೂ ಕೈ ಹಾಕಿದ್ರೆ ತಕ್ಷಣ ಗೊತ್ತಾಗ್ಲಿ ಅಂತ. ಇವತ್ತು ನಾನು ಬಿಚ್ಚೋಕೆ ಬಂದಾಗ ಐದರಲ್ಲಿ ನಾಲ್ಕು ಗುಣಿಸೋ ಚಿಹ್ನೆ ಥರ ವಾರೆಯಾಗಿದ್ವು."

"ಬಾಯ್ಮಾತು," ಎಂದು ಯಾರೋ ಗೊಣಗಿದರು.

"ಆ ಮೂಲೇಲಿರೋ ಗ್ರಂಥಾಲಯದ ಟೈಪ್‌ರೈಟರ್ ಬೋರಲು ಹಾಕಿ. ಕಳೆದ ತಿಂಗಳು ನಾನೇ ಬಿಗಿ ಮಾಡಿದ್ದು."

ಇಬ್ಬರು ಸೇರಿ ಯಂತ್ರ ಮಗುಚಿದರು. ಹನ್ನೊಂದು ಸ್ಕ್ರೂ. ಹನ್ನೊಂದರ ಗೀರೂ ಶಾಲೆಯ ಮಕ್ಕಳ ಸಾಲಿನಂತೆ ಒಂದೇ ದಿಕ್ಕಿಗೆ ನೆಟ್ಟಗೆ. ಕೋಣೆಯಲ್ಲಿ ಗುಸುಗುಸು ಎದ್ದಿತು. ಅಕ್ಕ ಸೆರಗು ಸರಿಮಾಡಿಕೊಂಡಳು. ಆ ಹನ್ನೊಂದು ಗೀರುಗಳನ್ನು ನೋಡಿ ಅವಳ ಬೆನ್ನೂ ನೆಟ್ಟಗಾಯಿತು.

"ನಾನು ಹೋದ ಮೇಲೆ ಯಾರೋ ಪೆಟ್ಟಿಗೆ ಬಿಚ್ಚಿದಾರೆ. ಎರಡನೇದು, ಆಟದ ಅಂಕಪಟ್ಟಿ ನೋಡಿ. ಅದು ಅಂಕದ ಪಕ್ಕ ಸಮಯಾನೂ ಬರೆದಿಡತ್ತೆ. ಇವತ್ತು ಬೆಳಿಗ್ಗೆ ಮೇಷ್ಟ್ರು ಹೇಳಿದ್ರು ಅಂತ ಹಳೇ ಪಟ್ಟಿ ಅಳಿಸಿದೆ. ಈಗ ಮೂರೇ ಸಾಲು ಇವೆ."

ಪರದೆಯ ಮೇಲೆ ಮೂರು ಸಾಲು. ಅಧ್ಯಕ್ಷರು, ಐದು ಸಾವಿರದ ನಾಲ್ಕು, ಸಂಜೆ ನಾಲ್ಕು ಹದಿನೈದು. ಟೆಸ್ಟ್, ಮೂವತ್ತೊಂದು, ಬೆಳಿಗ್ಗೆ ಹತ್ತು ನಲವತ್ತು. ಹೆಸರಿಲ್ಲದ ಒಂದು ಅಡ್ಡಗೆರೆ, ಹನ್ನೆರಡು, ಮಧ್ಯಾಹ್ನ ಒಂದು ಇಪ್ಪತ್ತೈದು.

"ಟೆಸ್ಟ್ ಅಂದ್ರೆ ನಾನೇ. ಚಿಪ್ಪು ಕೂರಿಸಿದ ಮೇಲೆ ಪರೀಕ್ಷೆಗೆ ಒಂದಾಟ ಆಡ್ದೆ. ಕಾರು ಹೊರಟಿದ್ದೂ ಕಾಣ್ಲಿಲ್ಲ, ಲಾರಿ ಬಂದಿದ್ದೂ ಕಾಣ್ಲಿಲ್ಲ. ಮೂವತ್ತೊಂದು ಮೈಲಿಗೆ ಢಂ. ಯಾಕಂದ್ರೆ ಇದು ಹಳೇ ಆಟ. ಇದಕ್ಕೆ ಸ್ವಂತ ಗಡಿಯಾರ ಇಲ್ಲ. ಪ್ರೊಸೆಸರ್ ಎಷ್ಟು ಬೇಗ ಓಡತ್ತೋ, ರಸ್ತೆನೂ ಅಷ್ಟೇ ಬೇಗ ಓಡತ್ತೆ. ಹೊಸ ಚಿಪ್ಪಿಗೆ ಎರಡರಷ್ಟು ವೇಗ. ಡಾಕ್ಟ್ರು ಒಂದು ಹತ್ತಕ್ಕೆ ಹೋದ್ರು. ಒಂದು ಇಪ್ಪತ್ತೈದಕ್ಕೆ ಇನ್ಯಾರೋ ಬಂದು ಆಡಿ, ಹನ್ನೆರಡು ಮೈಲಿಗೆ ಸತ್ತು, ಹೆಸರು ಬರೆಯೋಕೂ ನಾಚಿಕೊಂಡಿದಾರೆ. ಕದಿಯೋಕೆ ಬಂದೋನು ಮೊದಲು ಕೂತು ಆಟ ಆಡ್ತಾನಾ? ಇವರು ಆಡೋಕೇ ಬಂದೋರು. ಸೋತ ಮೇಲೆ ಕದ್ದೋರು."

ತಲೆಗಳೆಲ್ಲ ಪರದೆಯತ್ತ ಬಾಗಿದವು.

"ಬೀಗ ಹಾಕಿದ ಕೋಣೆ. ರಿಜಿಸ್ಟರ್‌ನಲ್ಲಿ ಸಹಿ ಇಲ್ಲ. ಸಹಿ ಹಾಕಬೇಕಾದೋರು ಸದಸ್ಯರು. ಸಹಿ ಹಾಕಬೇಕು ಅಂತ ನಿಯಮ ಬರೆದೋರಿಗೆ ಸ್ವಂತ ಬೀಗದಕೈ ಇರತ್ತೆ." ಅಕ್ಕ ಮೇಜಿನ ಕಡೆ ತಿರುಗಿದಳು. "ಮೇಷ್ಟ್ರೇ, ನೀವು ಓದಿ ಮುಗಿಸಿದ ಮೇಲೆ ಕನ್ನಡಕ ಡಬ್ಬಿಗೆ ಹಾಕಿ ಟಪ್ ಅಂತ ಮುಚ್ತೀರಿ. ಮೂರು ವರ್ಷದಿಂದ ಆ ಸದ್ದು ಕೇಳಿದ ಮೇಲೇ ನಾವು ಚಪ್ಪಾಳೆ ಹೊಡೆಯೋದು. ಇವತ್ತು ಒಂದ್ಸಲಾನೂ ಕೇಳಿಸ್ಲಿಲ್ಲ. ಡಬ್ಬಿ ತಂದಿಲ್ವಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮೇಷ್ಟ್ರ ಕೈ ಹೆಗಲನ್ನೂ ದಾಟಿ ನೇರವಾಗಿ ಎದೆಯ ಜೇಬಿಗೆ ಹೋಯಿತು. ಹೋದ ಕೈಯನ್ನು ವಾಪಸ್ ಕರೆಯಲು ಆಗಲಿಲ್ಲ.

ಅವರು ಮೆಲ್ಲಗೆ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಅಕ್ಕ ತೆರೆದಳು. ಗುಲಾಬಿ ಸ್ಪಂಜು. ಅದರ ಮೇಲೆ ಹೊಸ ಚಿಪ್ಪು, ಅಲುಗಾಡದೆ.

* * *

"ವಾಪಸ್ ಇಡ್ತಿದ್ದೆ," ಎಂದರು ಮೇಷ್ಟ್ರು. ದನಿ ಪಾಠ ಒಪ್ಪಿಸದ ಹುಡುಗನದಾಗಿತ್ತು. "ನಾಳೆ ಬೆಳಿಗ್ಗೆನೇ. ಅಭ್ಯಾಸಕ್ಕೆ ಅಂತ ಬಂದೆ. ಕಣ್ಣು ಮಿಟುಕಿಸೋಷ್ಟರಲ್ಲಿ ಸತ್ತೆ. ಇಷ್ಟು ಜನರ ಮುಂದೆ... ಈ ಪ್ರೊಸೆಸರ್ ಬೇಕು ಅಂತ ವರ್ಷಪೂರ್ತಿ ಕೂಗಿದೋನು ನಾನೇ."

"ನನ್ನ ಹೆಸರು ಹೋಗ್ತಿದ್ದಾಗ ಗಡಿಯಾರ ನೋಡ್ತಿದ್ರಿ."

ಮೇಷ್ಟ್ರು ತಲೆ ತಗ್ಗಿಸಿದರು. "ಅದು ದೊಡ್ಡ ತಪ್ಪು ತಾಯಿ. ಚಿಪ್ಪು ತೆಗೆದಿದ್ದಕ್ಕಿಂತ ದೊಡ್ಡದು."

ಡಾಕ್ಟರು ಮಧ್ಯೆ ಬಾಯಿ ಹಾಕಿದರು. "ಅದೆಲ್ಲ ಸರಿ. ಹಳೇ ಚಿಪ್ಪಿಟ್ಟರೂ ಸಂಖ್ಯೆ ಯಾಕೆ ಅರವತ್ತಾರೇ ಇತ್ತು?"

ಅಕ್ಕ ಪೆಟ್ಟಿಗೆಯ ಮುಂಭಾಗದ ಮುಚ್ಚಳ ಕಳಚಿದಳು. ಕೆಂಪು ಸಂಖ್ಯೆಯ ಹಿಂದೆ ಸಾಸಿವೆಯಷ್ಟು ದೊಡ್ಡ ಟೊಪ್ಪಿಗೆ ತೊಟ್ಟ ಪಿನ್ನುಗಳು. ಎರಡು ಟೊಪ್ಪಿಗೆ ಕಿತ್ತು ಬೇರೆ ಪಿನ್ನಿಗೆ ಹಾಕಿದಳು. ಅರವತ್ತಾರು ಹೋಗಿ ತೊಂಬತ್ತೊಂಬತ್ತು ಬಂತು. ಯಂತ್ರ ಇದ್ದ ಹಾಗೇ ಇತ್ತು.

"ಈ ಸಂಖ್ಯೆ ಏನನ್ನೂ ಅಳೆಯಲ್ಲ. ಬೆಳಿಗ್ಗೆ ನಾನೇ ಅರವತ್ತಾರಕ್ಕೆ ಇಟ್ಟಿದ್ದೆ. ಕೈಗೆ ಕೊಟ್ಟ ಚೀಟಿ ಓದತ್ತೆ, ಸಭೆಯ ಮುಖ್ಯ ಅತಿಥಿ ಥರ."

"ಅದು ನನಗೆ ಗೊತ್ತಿತ್ತು," ಎಂದರು ಮೇಷ್ಟ್ರು, ಸೋಲಿನಲ್ಲೂ ಕೊಂಚ ಹೆಮ್ಮೆಯಿಂದ. "ಪತ್ರಿಕೆಯಲ್ಲಿ ಓದಿದ್ದೆ."

"ಅರ್ಧ ಓದಿದ್ರಿ. ಈ ಗುಂಡಿ ನೋಡಿ." ಅಕ್ಕ ಪೆಟ್ಟಿಗೆಯ ಮುಖದ ಮೇಲಿನ ಟರ್ಬೊ ಗುಂಡಿ ತೋರಿಸಿದಳು. "ಹಳೇ ಆಟಕ್ಕೆ ಅಂತಾನೇ ಇದನ್ನ ಇಟ್ಟಿರೋದು. ಒಂದ್ಸಲ ಒತ್ತಿದ್ರೆ ಹೊಸ ಚಿಪ್ಪೂ ಹಳೇದರ ಥರ ನಿಧಾನ ಆಗತ್ತೆ. ಏನೂ ಕೀಳ್ಬೇಕಿರ್ಲಿಲ್ಲ."

"ಒತ್ತಿ ನೋಡಿದೆ. ಮೂವತ್ತಮೂರು ಅಂತ ತೋರಿಸ್ತು. ಉದ್ಘಾಟನೆ ದಿನ ಮೂವತ್ತಮೂರು ಅಂತ ಬರೆಸ್ಕೊಂಡು ಆಡ್ಲಾ?"

"ಗುಂಡಿ ಒತ್ತಿದಾಗ ಬರೋ ಸಂಖ್ಯೆಗೂ ಬೇರೆ ಪಿನ್ನಿದೆ ಮೇಷ್ಟ್ರೇ. ಅಲ್ಲೂ ಅರವತ್ತಾರೇ ಹಾಕ್ಬಹುದಿತ್ತು. ಕೇಳಿದ್ರೆ ಎರಡು ನಿಮಿಷದಲ್ಲಿ ನಾನೇ ಹಾಕ್ಕೊಡ್ತಿದ್ದೆ."

ಮೇಷ್ಟ್ರು ಗುಂಡಿಯನ್ನೇ ನೋಡುತ್ತ ಕೂತರು. ಇಷ್ಟು ಓದಿದವರು ಒಂದು ಪುಟ ಬಿಟ್ಟಿದ್ದರು.

ಡಾಕ್ಟರು ಎದ್ದು ನಿಂತು ಠರಾವು ಹಿಂತೆಗೆದುಕೊಂಡರು. ಆ ಜಾಗದಲ್ಲಿ ಹೊಸದೊಂದನ್ನು ಮಂಡಿಸಿದರು. ಗ್ರಂಥಾಲಯದ ಆರೂ ಯಂತ್ರಗಳು ಸ್ಕ್ರೂ ಅಕ್ಕನ ಕೈಗೆ. ಬಳಗಕ್ಕೆ ಇನ್ನು ಮುಂದೆ ಯಾವ ಪ್ರಿಂಟರ್, ಯಾವ ಮೌಸ್ ಬಂದರೂ ಅವಳು ಯಂತ್ರದ ಬೆನ್ನು ನೋಡಿ ಹೂಂ ಅಂದ ಮೇಲೆಯೇ. ಎರಡೂ ಪಕ್ಷದ ಕೈಗಳು ಒಟ್ಟಿಗೆ ಮೇಲೆದ್ದವು. ಬಳಗದ ಚರಿತ್ರೆಯಲ್ಲಿ ಅದೇ ಮೊದಲು. ನಾದಿನಿ ಎರಡು ಕೈ ಎತ್ತಿದ್ದಳು, ಒಂದನ್ನು ಇಳಿಸಬೇಕಾಯಿತು.

ಅಕ್ಕ ಹೊಸ ಚಿಪ್ಪಿನ ಕಾಲುಗಳನ್ನು ಕಣ್ಣಿಗೆ ಹಿಡಿದು ನೋಡಿದಳು. ಮೂಲೆಯಲ್ಲಿ ಎರಡು ಕಾಲು ಸ್ವಲ್ಪ ಬಾಗಿದ್ದವು. ಉಗುರಿನಿಂದ ಒತ್ತಿ ನೆಟ್ಟಗೆ ಮಾಡಿದಳು. ಸಾಕೆಟ್ಟಿಗೆ ಕೂರಿಸಿ, ಫ್ಯಾನು ತೊಡಿಸಿ, ಪೆಟ್ಟಿಗೆ ಮುಚ್ಚಿದಳು. ಇಪ್ಪತ್ತೆಂಟು ಜನ ಉಸಿರು ಬಿಗಿಹಿಡಿದು ನೋಡಿದ್ದು ಕೊನೆಯ ಐದು ಸ್ಕ್ರೂಗಳನ್ನು. ಐದೂ ಕೂಡಿಸುವ ಚಿಹ್ನೆ.

ದವಡೆ ಎರಡೇ ನಿಮಿಷಕ್ಕೆ ಬಂತು. ಬುದ್ಧಿಹಲ್ಲಿನ ಸಮೇತ.

"ಹಾಗಾದ್ರೆ ಫಲಕಕ್ಕೆ ಏನು ಬರೀಲಿ?" ಎಂದರು ಬೋರ್ಡಿನವರು. ಅವರ ಕುಂಚ ಒಣಗುತ್ತ ಬಂದಿತ್ತು.

"ಮೇಷ್ಟ್ರು ಇನ್ನೊಂದಾಟ ಆಡ್ಲಿ ಬಿಡಿ," ಎಂದಳು ಅಕ್ಕ. ಗೆದ್ದವರಿಗೆ ಔದಾರ್ಯ ಸುಲಭ. "ಗುಂಡಿ ಒತ್ಕೊಂಡೇ ಆಡ್ಲಿ."

ಮೇಷ್ಟ್ರು ತಲೆಯಾಡಿಸಿದರು. ನಿಯಮದ ಪುಸ್ತಕ ತೆರೆದರು. ಕನ್ನಡಕ ನೆತ್ತಿಯಿಂದ ಮೂಗಿಗೆ ಇಳಿಯಿತು. ದನಿಗೆ ಹಳೆಯ ತರಗತಿಯ ಗಟ್ಟಿತನ ವಾಪಸ್ ಬಂತು.

"ಹನ್ನೊಂದನೇ ನಿಯಮ. ಉದ್ಘಾಟನೆಯ ದಿನ ಸಂಜೆ ಐದು ಗಂಟೆಯೊಳಗೆ, ಸಭೆ ಒಪ್ಪಿದ ಪ್ರೊಸೆಸರಿನ ಮೇಲೆ ಬಂದ ಅತಿ ಹೆಚ್ಚಿನ ಅಂಕವನ್ನು, ಯಂತ್ರದಲ್ಲಿ ದಾಖಲಾದ ಹೆಸರಿನಲ್ಲೇ, ಫಲಕದ ತುದಿಯಲ್ಲಿ ಬರೆಯತಕ್ಕದ್ದು. ಇದಕ್ಕೆ ಎಂದೆಂದಿಗೂ ತಿದ್ದುಪಡಿ ಇರತಕ್ಕದ್ದಲ್ಲ."

"ಐದು ಗಂಟೆ ಅಂತ ಯಾಕೆ ಹಾಕಿದ್ರಿ?" ಎಂದರು ಡಾಕ್ಟರು.

"ನಂದಾದ್ಮೇಲೆ ಇನ್ಯಾರಿಗೂ ಆಡೋಕೆ ಹೊತ್ತು ಸಿಗಬಾರದು ಅಂತ."

ಎಲ್ಲರೂ ಗಡಿಯಾರ ನೋಡಿದರು. ಐದು ದಾಟಿ ಇಪ್ಪತ್ತು ನಿಮಿಷವಾಗಿತ್ತು.

ಐದು ಸಾವಿರದ ನಾಲ್ಕು ಹಳೆಯ ಚಿಪ್ಪಿನದು, ನಡೆಯುವುದಿಲ್ಲ. ಹೊಸ ಚಿಪ್ಪಿನ ಮೇಲೆ ಆ ದಿನ ಆಡಿದ್ದು ಎರಡೇ ಆಟ. ಒಂದು ಹನ್ನೆರಡು. ಇನ್ನೊಂದು ಮೂವತ್ತೊಂದು.

"ಮೇಷ್ಟ್ರೇ, ನಿಯಮ ನೀವೇ ಬರೆದಿದ್ದಲ್ವಾ," ಎಂದರು ಡಾಕ್ಟರು ಮೆಲ್ಲಗೆ. "ಸ್ವಲ್ಪ ಸಡಿಲ ಮಾಡಬಹುದು."

"ನಾನು ಬರೆದ ನಿಯಮ ಸಡಿಲ ಇರಲ್ಲ," ಎಂದರು ಮೇಷ್ಟ್ರು, ಎದೆ ಸೆಟೆಸಿ. "ಬರೀರಿ. ಟೆಸ್ಟ್. ಮೂವತ್ತೊಂದು ಮೈಲಿ."

ಬೋರ್ಡಿನವರು ಏಣಿ ಹತ್ತಿದರು. "ಟೆಸ್ಟ್ ಅವರ ಇನಿಶಿಯಲ್ ಏನು?"

"ಇನಿಶಿಯಲ್ ಇಲ್ಲ. ಯಂತ್ರದಲ್ಲಿ ಇರೋ ಹಾಗೇ."

ಬಿಳಿ ಅಕ್ಷರಗಳು ಒಂದೊಂದಾಗಿ ಮೂಡಿದವು. ಅಕ್ಕ ಕೈ ಕಟ್ಟಿ ನಿಂತು ಫಲಕದ ನಾಲ್ಕು ಮೂಲೆಯ ಸ್ಕ್ರೂಗಳನ್ನು ನೋಡಿದಳು. ಮೂರು ವಾರೆಯಾಗಿದ್ದವು. ಬಣ್ಣ ಒಣಗಲಿ, ನಾಳೆ ಸರಿಮಾಡೋಣ ಎಂದುಕೊಂಡಳು.

ಮೇಷ್ಟ್ರು ಕನ್ನಡಕ ತೆಗೆದರು. ಖಾಲಿಯಾಗಿದ್ದ ಡಬ್ಬಿಗೆ ಹಾಕಿ ಮುಚ್ಚಿದರು.

ಟಪ್.

ಆಮೇಲೆ ಎಲ್ಲರೂ ಚಪ್ಪಾಳೆ ಹೊಡೆದರು.